ಡಬ್ಬ ತೆರೆದು ತೋರಿಸದ ಅಂಗಡಿಯಲ್ಲಿ ಮಗುವಿನ ಕ್ಯಾರಿಯರ್ ಕೊಳ್ಳಬೇಡಿ

ಒಂದು ಜೊತೆ ಚಪ್ಪಲಿಯನ್ನು ಕೂಡ ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು ನೋಡಿದ ಮೇಲೆಯೇ ನಾವು ಕೊಳ್ಳುತ್ತೇವೆ. ಎರಡು ತಿಂಗಳೂ ತುಂಬದ ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರನ್ನು ಮಾತ್ರ ಡಬ್ಬದ ಮೇಲಿನ ಚಿತ್ರವನ್ನು ನಂಬಿ ಕೊಳ್ಳಬೇಕಾದ ಸ್ಥಿತಿಯನ್ನು ನಿನ್ನೆ ಸಂಜೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕಂಡು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ತಂಗಿಯ ಮಗಳಿಗೆ ಈಚೆಗಷ್ಟೇ ಹೆರಿಗೆಯಾಗಿದೆ. ಮಗು ಹುಟ್ಟುವ ಮೊದಲು ಅದಕ್ಕಾಗಿ ಏನನ್ನೂ ಕೊಳ್ಳಬಾರದೆಂಬ ರೂಢಿ ನಮ್ಮ ಮನೆಯಲ್ಲಿಯೂ ಇರುವುದರಿಂದ ಕೊಳ್ಳುವ ಕೆಲಸವೆಲ್ಲ ಹೆರಿಗೆಯ ನಂತರದ ಧಾವಂತಕ್ಕೆ ಬೀಳುತ್ತದೆ. ಬಾಣಂತಿ ಮನೆಯಿಂದ ಹೊರಬರುವಂತಿಲ್ಲ. ನಿದ್ದೆಗೆಟ್ಟ ಗಂಡ ಫೋನಿನಲ್ಲಿ ಪಟ್ಟಿ ಹಿಡಿದು ಹೋಗಿ, ಮಾರುವವರು ಹೇಳಿದ್ದನ್ನೆಲ್ಲ ತರುತ್ತಾನೆ. ಹಾಗಾಗಬಾರದೆಂದೇ ಈ ಸಲ ಅಳಿಯನ ಜೊತೆಗೆ ನಾನೂ ಹೋದೆ. ಕ್ಯಾರಿಯರಿನಲ್ಲಿ ಮಗು ಕೂರುವ ಭಾಗ ಎಷ್ಟು ಅಗಲವಿದೆ ನೋಡಬೇಕು, ಡಬ್ಬ ತೆರೆಯಪ್ಪ ಎಂದರೆ, ಅಲ್ಲಿದ್ದ ಹುಡುಗ "ಸೀಲ್ ತೆಗೆಯುವ ಹಾಗಿಲ್ಲ ಮೇಡಂ, ಹುಟ್ಟಿದ ಮಗುವಿನಿಂದ ಮೂರು ವರ್ಷದವರೆಗೂ ಆಗುತ್ತದೆ, ಎಲ್ಲರೂ ಇದನ್ನೇ ತೆಗೆದುಕೊಂಡು ಹೋಗುತ್ತಾರೆ" ಎಂದ. ಅವನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಯಾರೂ ಕಲಿಸಿಲ್ಲ. ಮ್ಯಾನೇಜರನ್ನು ಕರೆಸಿ ಡಬ್ಬ ತೆರೆಸಿದಾಗ ಸಿಕ್ಕಿದ್ದು, ಮಗುವಿನ ತೊಡೆಗಳ ನಡುವೆ ಹಾದುಹೋಗುವ, ನನ್ನ ಅಂಗೈಯಷ್ಟೇ ಅಗಲದ ಒಂದು ಪಟ್ಟಿ. ಅದರಲ್ಲಿ ಕೂತ ಮಗುವಿನ ಭಾರವೆಲ್ಲ ತೊಡೆಸಂದಿಯ ಮೇಲೆ ಬೀಳುತ್ತದೆ, ಕಾಲುಗಳು ನೇರವಾಗಿ ಕೆಳಕ್ಕೆ ಜೋತಾಡುತ್ತವೆ.

ಮಕ್ಕಳ ಫಿಸಿಯೋಥೆರಪಿಯಲ್ಲಿಯೇ ಇಷ್ಟು ವರ್ಷ ಕಳೆದವಳಿಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ನವಜಾತ ಶಿಶುವಿನ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಕೂರುವ ಕುಳಿಯ ಬಹುಭಾಗ ಇನ್ನೂ ಗಟ್ಟಿ ಮೂಳೆಯಾಗದೆ, ಬಾಗುವ ಮೃದ್ವಸ್ಥಿಯಾಗಿಯೇ ಇರುತ್ತದೆ, ಮತ್ತು ಆ ಕೀಲು ಸರಿಯಾದ ಆಕಾರಕ್ಕೆ ಬರಲು ಮೊದಲ ಆರು ತಿಂಗಳು ಬಹಳ ಮುಖ್ಯ. ಮಗುವಿನ ತೊಡೆಗಳು ಅಗಲಿ, ಮೊಣಕಾಲುಗಳು ಪೃಷ್ಠಕ್ಕಿಂತ ತುಸು ಮೇಲಿದ್ದು, ಒಂದು ಮೊಣಕಾಲಿನ ಹಿಂಬದಿಯಿಂದ ಇನ್ನೊಂದರ ಹಿಂಬದಿಯವರೆಗೆ ಬಟ್ಟೆಯ ಆಸರೆ ಇರಬೇಕು. ಮುಂದಿನಿಂದ ನೋಡಿದರೆ ಇಂಗ್ಲಿಷಿನ ‘ಎಂ’ (M) ಅಕ್ಷರದ ಆಕಾರ ಕಾಣಬೇಕು. ಸೊಂಟದ ಕೀಲು ಸರಿಯಾಗಿ ಬೆಳೆಯದ ತೊಂದರೆಯ ಬಗ್ಗೆಯೇ ಕೆಲಸ ಮಾಡುವ ಇಂಟರ್‌ನ್ಯಾಷನಲ್ ಹಿಪ್ ಡಿಸ್‌ಪ್ಲಾಸಿಯಾ ಇನ್‌ಸ್ಟಿಟ್ಯೂಟ್ ಹೇಳುವುದೂ ಇದನ್ನೇ. ಕಿರಿದಾದ ಕ್ಯಾರಿಯರಿನಲ್ಲಿ ಒಂದು ಸಂಜೆ ಕೂತ ಮಾತ್ರಕ್ಕೆ ಕೀಲು ಕೆಡುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಗರ್ಭದಲ್ಲಿ ಕಾಲು ಕೆಳಗಾಗಿ ಇದ್ದ ಮಕ್ಕಳು, ಹೆಣ್ಣು ಮಕ್ಕಳು, ಕುಟುಂಬದಲ್ಲಿ ಸೊಂಟದ ಕೀಲಿನ ತೊಂದರೆ ಇರುವ ಮಕ್ಕಳು ಮೊದಲೇ ಹೆಚ್ಚು ಅಪಾಯದಲ್ಲಿರುತ್ತಾರೆ, ಮತ್ತು ಅಂಗಡಿಯಲ್ಲಿ ಯಾರೂ ಈ ಪ್ರಶ್ನೆಗಳನ್ನು ಕೇಳುವುದಿಲ್ಲ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ವಯಸ್ಸಿದೆ; ಮಗು ಹೇಗೆ ಕೂರುತ್ತದೆ ಎಂಬುದು ಎಲ್ಲಿಯೂ ಇಲ್ಲ.

ಕೀಲಿಗಿಂತಲೂ ನನಗೆ ಹೆಚ್ಚು ಭಯವಿರುವುದು ಉಸಿರಿನ ಬಗ್ಗೆ. ಕತ್ತು ನಿಲ್ಲದ ಮಗುವಿನ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಸದ್ದಿಲ್ಲದೆ ಮುಚ್ಚಿಹೋಗುತ್ತದೆ; ಮಗು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು 2010ರಲ್ಲಿಯೇ, ನಾಲ್ಕು ತಿಂಗಳೊಳಗಿನ ಶಿಶುಗಳನ್ನು ಜೋಲಿಯಂಥ ಸ್ಲಿಂಗ್‌ಗಳಲ್ಲಿ ಮಲಗಿಸುವ ಬಗ್ಗೆ ಎಚ್ಚರಿಕೆ ನೀಡಿತ್ತು. ನೋಡಬೇಕಾದದ್ದು ಇಷ್ಟೇ: ಕಟ್ಟು ಬಿಗಿಯಾಗಿರಬೇಕು, ತಲೆ ತಗ್ಗಿಸಿದರೆ ಮಗುವಿನ ಮುಖ ಕಾಣಬೇಕು, ನೆತ್ತಿಗೆ ಮುತ್ತಿಡುವಷ್ಟು ಮೇಲಿರಬೇಕು, ಗದ್ದ ಮತ್ತು ಎದೆಯ ನಡುವೆ ಎರಡು ಬೆರಳು ಹಿಡಿಯಬೇಕು, ಬೆನ್ನಿಗೆ ಆಸರೆ ಇರಬೇಕು. ಅವಧಿಗೆ ಮುನ್ನ ಹುಟ್ಟಿದ ಅಥವಾ ಹುಟ್ಟುವಾಗ ತೂಕ ಕಡಿಮೆಯಿದ್ದ ಮಗುವಾದರೆ ವೈದ್ಯರನ್ನು ಕೇಳದೆ ಕಟ್ಟಲೇಬೇಡಿ. ಇದನ್ನೆಲ್ಲ ಕನ್ನಡಿಯ ಮುಂದೆ ಐದು ನಿಮಿಷದಲ್ಲಿ ಕಲಿಸಬಹುದು. ಆ ಐದು ನಿಮಿಷವನ್ನೇ ಅಂಗಡಿಗಳು ಕೊಡುತ್ತಿಲ್ಲ.

"ನಮ್ಮ ಅಜ್ಜಿಯರು ಯಾವ ಕ್ಯಾರಿಯರನ್ನು ಕಂಡಿದ್ದರು, ಮಕ್ಕಳು ಬೆಳೆಯಲಿಲ್ಲವೇ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ಪ್ರತಿ ಸಲವೂ ಕೇಳುತ್ತೀರಿ. ಅಜ್ಜಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಾಗ ಅದರ ಕಾಲುಗಳು ಅವಳ ನಡುವಿನ ಎರಡೂ ಕಡೆ ಅಗಲಿ, ಮೊಣಕಾಲು ಮೇಲಕ್ಕೆ ಬರುತ್ತಿತ್ತು. ಸೊಂಟದ ಕೀಲಿಗೆ ಅದಕ್ಕಿಂತ ಒಳ್ಳೆಯ ಭಂಗಿ ಬೇರೆಯಿಲ್ಲ. ಆದರೆ ಆ ಮನೆಯಲ್ಲಿ ಒಂದು ಸೊಂಟ ನೋಯುವ ಹೊತ್ತಿಗೆ ಎತ್ತಿಕೊಳ್ಳಲು ಇನ್ನೊಂದು ಸೊಂಟವಿತ್ತು. ಹತ್ತನೆಯ ಮಹಡಿಯ ಫ್ಲ್ಯಾಟಿನಲ್ಲಿ ಗಂಡ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಉಳಿಯುವ ಹುಡುಗಿಗೆ ಅಜ್ಜಿಯ ಉದಾಹರಣೆ ಕೊಡುವುದು ಅನ್ಯಾಯ. ನನ್ನ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಮಗು ಸಂಜೆಯೆಲ್ಲ ಅಳುತ್ತಿದ್ದರೆ ಎತ್ತಿಕೊಂಡು ನಿಲ್ಲಲಾಗದೆ ನಾನೂ ಅದರ ಜೊತೆ ಅತ್ತಿದ್ದೇನೆ. ಇದನ್ನು ನಾನು ಇಲ್ಲಿಯವರೆಗೆ ಎಲ್ಲಿಯೂ ಬರೆದಿರಲಿಲ್ಲ. ಆದ್ದರಿಂದ ಎರಡೂ ಕೈಗಳಿಗೆ ಬಿಡುವು ಕೊಡುವ ಆ ಬಟ್ಟೆ ಎಷ್ಟು ದೊಡ್ಡ ಉಪಕಾರವೆಂದು ನನಗೆ ಗೊತ್ತು, ಅದನ್ನು ಕೆಟ್ಟದಾಗಿ ಮಾರುವುದು ನನಗೆ ಸಹಿಸಲಾಗುವುದಿಲ್ಲ.

ಹೊರುವವರ ಮೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಗಲವಾದ ನಡುಪಟ್ಟಿ ಇದ್ದರೆ ಭಾರ ಹೆಗಲಿನಿಂದ ಸೊಂಟದ ಮೂಳೆಗೆ ಇಳಿಯುತ್ತದೆ. ಸಿಸೇರಿಯನ್ ಗಾಯವಿದ್ದವರು ಅದನ್ನು ಗಾಯಕ್ಕಿಂತ ಸಾಕಷ್ಟು ಮೇಲೆ ಕಟ್ಟಿಕೊಳ್ಳಬೇಕು, ಇಲ್ಲವೇ ನಡುಪಟ್ಟಿಯಿಲ್ಲದ ಉದ್ದ ಬಟ್ಟೆಯ ಸುತ್ತನ್ನು ಆರಿಸಬೇಕು. ಗಂಡ ಹೆಂಡತಿ ಇಬ್ಬರ ಅಳತೆಗೂ ಹೊಂದಿಸಲು ಬರುವಂಥದ್ದೇ ಇರಲಿ. ಮಂಗಳೂರಿನ ಬೆವರಿಗೆ, ಕಲಬುರಗಿಯ ಬಿಸಿಲಿಗೆ ಸ್ಪಂಜು ತುಂಬಿದ ಪಾಲಿಯೆಸ್ಟರ್ ಕ್ಯಾರಿಯರ್ ಮಗುವಿಗೆ ಶಿಕ್ಷೆ. ತೆಳುವಾದ ಹತ್ತಿಯದನ್ನು ಕೊಳ್ಳಿ, ಒಳಗೆ ಮಗುವಿಗೆ ಒಂದೇ ಪದರ ಬಟ್ಟೆ ಹಾಕಿ. ಬಿಸಿ ಎಣ್ಣೆಯ ಮುಂದೆ ಮಗುವನ್ನು ಕಟ್ಟಿಕೊಂಡು ನಿಲ್ಲಬೇಡಿ. ಸ್ಕೂಟರಿನ ಮೇಲಂತೂ ಬೇಡವೇ ಬೇಡ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಪಟ್ಟಿ, ಅವರಲ್ಲಿ ಒಂಬತ್ತು ತಿಂಗಳು ತುಂಬಿದವರಿಗೆ ಹೆಲ್ಮೆಟ್ ಕೂಡ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ಹೊರಡಿಸಿದ ಕೇಂದ್ರದ ನಿಯಮ ಹೇಳುತ್ತದೆ. ಎದೆಗೆ ಕಟ್ಟುವ ಕ್ಯಾರಿಯರ್ ಆ ಸುರಕ್ಷತಾ ಪಟ್ಟಿಯಲ್ಲ.

ಕ್ಯಾರಿಯರ್ ತೋರಿಸಲು ಒಪ್ಪದ ಅದೇ ಅಂಗಡಿ, ಕೇಳದೇ ಇದ್ದದ್ದನ್ನೆಲ್ಲ ತಂದು ಮುಂದೆ ಸುರಿಯಿತು. ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತನೆಯ ಬಂಪರ್ ಬೇಡ, ದಿಂಬೂ ಬೇಡ. ಬಂಪರನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿದೆ. ಮಗು ಅಂಗಾತ ಮಲಗಲು ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಸಾಕು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಿಗೂ ಇದೇ ಮಾತು, ಹಿರಿಯರು ಕ್ಷಮಿಸಬೇಕು. ವಾಕರ್ ಬೇಡ, ಕೆನಡಾ ಅದರ ಮಾರಾಟವನ್ನೇ 2004ರಲ್ಲಿ ನಿಲ್ಲಿಸಿತು. ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಬೇಕಾದದ್ದು ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಒಗೆದು ಹರಿದ ಬಟ್ಟೆಗಳು, ಮುಂದೆ ಕಟ್ಟುವ ಸಡಿಲ ಅಂಗಿಗಳು, ಲಂಗೋಟಿಗಳು, ಚಳಿಗೆ ಹೊರಗೆ ಹೋಗುವಾಗ ಒಂದು ಕುಲಾವಿ, ಒಂದು ಥರ್ಮಾಮೀಟರ್, ಉಗುರು ಕತ್ತರಿ. ಹಾಲಿನ ಬಾಟಲಿಯನ್ನು ಉಡುಗೊರೆ ಡಬ್ಬದಲ್ಲಿ ಸೇರಿಸಿ ಕೊಡಲು ಬಂದರೆ ತೆಗೆದಿಡಲು ಹೇಳಿ. ಬಾಟಲಿಗಳ ಪ್ರಚಾರವನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ತಡೆದಿದೆ.

ಬ್ರಿಟನ್ನಿನಲ್ಲಿ ಸ್ಲಿಂಗ್ ಲೈಬ್ರರಿಗಳಿವೆ. ಬಗೆಬಗೆಯ ಕ್ಯಾರಿಯರುಗಳನ್ನು ಕಟ್ಟಿಕೊಂಡು ನೋಡಿ, ಹೊಂದುವುದನ್ನು ಕೆಲವು ದಿನಕ್ಕೆ ಎರವಲು ಒಯ್ಯಬಹುದು. ಇಲ್ಲಿಯ ಅಂಗಡಿಯವರಿಂದ ಅಷ್ಟನ್ನೂ ನಾನು ಕೇಳುತ್ತಿಲ್ಲ. ಪ್ರತಿ ಮಾದರಿಯಲ್ಲೊಂದು ಡಬ್ಬ ತೆರೆದಿಡಲಿ, ಒಂದು ಕನ್ನಡಿ ನಿಲ್ಲಿಸಲಿ, ಮೂರೂವರೆ ಕಿಲೋ ತೂಕದ ಒಂದು ಗೊಂಬೆ ಇಡಲಿ. ಅಲ್ಲಿಯವರೆಗೆ, ನಿಮ್ಮ ಮನೆಯ ಅಟ್ಟದಲ್ಲಿ ಒಳ್ಳೆಯ ಕ್ಯಾರಿಯರ್ ಸುಮ್ಮನೆ ಬಿದ್ದಿದ್ದರೆ ಅದರ ಹೊಲಿಗೆಯನ್ನೂ ಬಕಲ್‌ಗಳನ್ನೂ ಎಳೆದು ನೋಡಿ, ಒಗೆದು, ಪಕ್ಕದ ಮನೆಯ ಬಾಣಂತಿಗೆ ಒಂದು ವಾರ ಕೊಡಿ. ಕೊಡುವಾಗ ನೀವೇ ನಿಂತು ಕಟ್ಟಿ ತೋರಿಸಿ.