ಒಂದು ಚಮಚ ನೀರು

ಮಿನೆಸೋಟಾದ ಡಿಸೆಂಬರ್. ಬೀದಿಯವರೆಲ್ಲ ಸೇರುವ ಪಾಟ್‌ಲಕ್‌ಗೆ ಮನೆಗೊಂದು ತಿಂಡಿ ಒಯ್ಯಬೇಕಿತ್ತು. "ಓವನ್ ಬೇಡ, ಒಲೆ ಬೇಡ, ಮಕ್ಕಳೂ ಮಾಡಬಹುದು" ಎಂದು ಪಕ್ಕದ ಮನೆಯವರು ಹೇಳಿಕೊಟ್ಟರು. ಜಾಲರಿಯಂತಿರುವ ಚೆಕ್ಸ್ ಸೀರಿಯಲ್, ಉಪ್ಪು ಮೆತ್ತಿದ ಪ್ರೆಟ್ಜೆಲ್, ಹುರಿದ ಕಡಲೆಕಾಯಿ ಬೀಜ ಬೆರೆಸುವುದು; ಮೈಕ್ರೊವೇವ್‌ನಲ್ಲಿ ಕರಗಿಸಿದ ಚಾಕೊಲೇಟ್ ಸುರಿದು ಹರಡುವುದು. ಸಿಹಿಯ ಬೆನ್ನಿಗೇ ಉಪ್ಪು ಸಿಗಬೇಕು, ಅಷ್ಟೇ. ಚೌಚೌ ಬಾತ್ ತಿಂದು ಬೆಳೆದವಳಿಗೆ ಇದನ್ನೂ ಹೇಳಿಕೊಡಬೇಕೆ?

ಕರಗಿದ ಚಾಕೊಲೇಟ್ ಯಾಕೋ ಮಂದ ಎನ್ನಿಸಿತು. ಪಾಕ ಗಟ್ಟಿಯಾದರೆ ಒಂದು ಚಮಚ ನೀರು ಚಿಮುಕಿಸುವುದು ನಮ್ಮ ಮನೆಯ ತಲೆಮಾರುಗಳ ವಿದ್ಯೆ. ಚಿಮುಕಿಸಿದೆ. ಕಣ್ಣೆದುರೇ ಅದು ಮರಳು ಮರಳಾಗಿ ಬಿಗಿದು, ಚಮಚವನ್ನು ಕಚ್ಚಿ ಹಿಡಿಯಿತು. ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ಕೂತ ಒಣ ಸಕ್ಕರೆಯ ಪುಡಿ. ತುಸು ನೀರು ತಾಗಿದರೆ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಇನ್ನೂ ನಾಲ್ಕೈದು ಚಮಚ ಸುರಿದಿದ್ದರೆ ಮತ್ತೆ ಸಡಿಲವಾಗುತ್ತಿತ್ತಂತೆ! ತಪ್ಪು ಮಾಡುವುದರಲ್ಲೂ ನಾನು ಜಿಪುಣತನ ತೋರಿದ್ದೆ.

ಅಂಗಡಿಗೆ ಓಡೋಣವೆಂದರೆ ಹೊರಗೆ ಮೊಣಕಾಲುದ್ದ ಹಿಮ. ಇದ್ದುದನ್ನೇ ಸೀರಿಯಲ್ ಜೊತೆ ತಿಕ್ಕಿ ಒತ್ತಿದೆ. ಕಂದು ಹೆಂಟೆಗಳಾದವು. ನನ್ನ ಗಂಡ ತಿಪಟೂರಿನ ಕಡೆಯವರು, ಹಸು ಕಟ್ಟಿದ ಮನೆಯವರು. ಒಂದು ಹೆಂಟೆ ಎತ್ತಿ ಮೂಸಿ, "ಹಿಂಡಿ" ಎಂದರು.

"ರೀ, ಸುಮ್ಮನಿರಿ" ಎಂದೆ. ಆದರೆ ಚರಿತ್ರೆ ಅವರ ಪರವಾಗಿತ್ತು. 1937ರಲ್ಲಿ ಈ ಸೀರಿಯಲನ್ನು ಮೊದಲು ಹೊರತಂದದ್ದು ಸೇಂಟ್ ಲೂಯಿಸ್‌ನ ರಾಲ್‌ಸ್ಟನ್ ಪ್ಯೂರಿನಾ, ಪಶು ಆಹಾರ ಮಾರಿ ಬೆಳೆದ ಕಂಪನಿ. ಚೆಕ್ಸ್ ಎಂಬ ಹೆಸರು ಬಂದದ್ದೂ ಅದರ ಚೌಕುಳಿ ಗುರುತಿನಿಂದಲೇ. ನನ್ನ ಕೈಯಲ್ಲಿ ಅದು ತವರಿಗೆ ಮರಳಿತ್ತು.

ಪಾಟ್‌ಲಕ್‌ನಲ್ಲಿ ಎದುರು ಮನೆಯ ಅಜ್ಜ ಒಂದು ಹೆಂಟೆ ಕಚ್ಚಿ, ಕಣ್ಣರಳಿಸಿ, ಇದರ ಹೆಸರೇನು ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಗಂಭೀರವಾಗಿ "ಹಿಂಡಿ" ಎಂದುಬಿಟ್ಟರು.

"ಓ, ಹಿಂದಿ! ನಿಮ್ಮ ಭಾಷೆ!" ಎಂದು ಅಜ್ಜ ಖುಷಿಪಟ್ಟರು.

ಗಂಡನ ಮುಖದ ನಗು ಮಾಯವಾಯಿತು. ತಟ್ಟೆ ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ಕಾಗದದ ಕರವಸ್ತ್ರದ ಮೇಲೆ ಕರ್ನಾಟಕದ ನಕ್ಷೆ ಬರೆಯತೊಡಗಿದರು. ಅವರು ಬೀದರಿನಿಂದ ಹೊರಟು ತಿಪಟೂರು ಮುಟ್ಟುವಷ್ಟರಲ್ಲಿ ಅಜ್ಜ ನಾಲ್ಕನೆಯ ಹೆಂಟೆಗೆ ಕೈಹಾಕಿದ್ದರು.