ಲ್ಯಾಂಡ್ ಟ್ರಸ್ಟ್ ಹೊಲ ಕಸಿಯುವುದಿಲ್ಲ: ಸ್ಪಷ್ಟನೆ

"ಅಮೆರಿಕದಲ್ಲಿ ಲ್ಯಾಂಡ್ ಟ್ರಸ್ಟ್ ಕಾಗದಕ್ಕೆ ಸಹಿ ಹಾಕಿದರೆ ಹೊಲ ಟ್ರಸ್ಟಿನ ಪಾಲು" ಎಂಬ ಸಂದೇಶ ಧಾರವಾಡದ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಲ್ಯಾಂಡ್ ಟ್ರಸ್ಟ್ ಅಂದರೆ ಹೊಲ, ಕಾಡುಗಳನ್ನು ಉಳಿಸಲು ದುಡಿಯುವ ಲಾಭರಹಿತ ಸಂಸ್ಥೆ. ಅಲ್ಲಿ ಟ್ರಸ್ಟ್ ಜೊತೆ ಸಂರಕ್ಷಣಾ ಕರಾರು, ಅಂದರೆ ಜಮೀನನ್ನು ಹಾಗೇ ಉಳಿಸುವ ಒಪ್ಪಂದ, ಮಾಡಿಕೊಂಡರೂ ಹೊಲ ರೈತನದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಬಿಟ್ಟುಕೊಡುವುದು ಲೇಔಟ್, ಕಟ್ಟಡದಂಥ ಬಳಕೆಯ ಹಕ್ಕನ್ನು ಮಾತ್ರ. ಆ ಹಕ್ಕನ್ನು ದಾನ ಕೊಟ್ಟರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗಬಹುದು. ಕೆಲವೆಡೆ ದುಡ್ಡು ಕೊಟ್ಟೇ ಕೊಳ್ಳುತ್ತಾರೆ. ಆದರೆ ಕರಾರು ಹೆಚ್ಚಾಗಿ ಶಾಶ್ವತ, ಮುಂದೆ ಕೊಂಡವರಿಗೂ ಅನ್ವಯ. ಹೆದರುವುದಾದರೆ ಇದಕ್ಕೆ ಹೆದರಬೇಕು, ಅಲ್ವಾ?

ನಮ್ಮಲ್ಲಿ ಇಂಥ ಪ್ರತ್ಯೇಕ ಕಾನೂನಿಲ್ಲ. ಹುಬ್ಬಳ್ಳಿ ಸುತ್ತಲಿನ ಎರಿ ಹೊಲಗಳು ಲೇಔಟ್ ಆಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಹಾಗಂತ ಸುಮ್ನೆ ಲೇಔಟ್ ಮಾಡುವಂತಿಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಸಾಮಾನ್ಯವಾಗಿ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಬೇಕು.