ಹಲ್ಲಿನ ಉಪಕರಣ ಕುದಿಸಿದರೆ ಸಾಕೇ? ಒಂದು ಸ್ಪಷ್ಟನೆ

ಹಲ್ಲಿನ ಚಿಕಿತ್ಸೆಯ ಉಪಕರಣಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಸ್ಪಿರಿಟ್‌ನಿಂದ ಒರೆಸಿದರೆ ರಕ್ತದ ಮೂಲಕ ಹರಡುವ ಯಾವ ರೋಗದ ಭಯವೂ ಇಲ್ಲ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ನಂಬಿ ಕೂರುವಂಥದ್ದೂ ಅಲ್ಲ. ಕುದಿಯುವ ನೀರಿಗೆ ಬಹುತೇಕ ವೈರಾಣುಗಳು ಸಾಯುತ್ತವೆಯಾದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು (ಗಟ್ಟಿ ಹೊದಿಕೆಯೊಳಗೆ ಸುಪ್ತವಾಗಿರುವ ರೂಪ) ಬದುಕುಳಿಯುತ್ತವೆ. ಆದ್ದರಿಂದಲೇ ಉಪಕರಣಗಳನ್ನು ಚೆನ್ನಾಗಿ ತೊಳೆದು, ಪೊಟ್ಟಣದಲ್ಲಿ ಮುಚ್ಚಿ, ಆಟೋಕ್ಲೇವ್‌ನ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇಡಬೇಕಾಗುತ್ತದೆ.

ಒರೆಸುವಿಕೆಯ ಮಿತಿ ಹೆಚ್ಚು ಕಾಣುವುದು ಹಲ್ಲು ಕೊರೆಯುವ ಹ್ಯಾಂಡ್‌ಪೀಸ್‌ನಲ್ಲಿ. ಅದು ನಿಲ್ಲುವ ಕ್ಷಣದಲ್ಲಿ ಬಾಯಿಯ ಜೊಲ್ಲು, ರಕ್ತದ ಅಂಶ ಒಳಗಿನ ಸಣ್ಣ ಕೊಳವೆಗಳಿಗೆ ಎಳೆದುಕೊಳ್ಳಬಹುದು. ಹೊರಮೈಗೆ ಎಷ್ಟು ಸ್ಪಿರಿಟ್ ಸವರಿದರೂ ಅದು ಅಲ್ಲಿಗೆ ಮುಟ್ಟುವುದಿಲ್ಲ. ಹೆಪಟೈಟಿಸ್ ಬಿ ವೈರಾಣುವಂತೂ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವಂತವಿರಬಲ್ಲದು. ಜನ ಎಚ್‌ಐವಿಯನ್ನೇ ನೆನೆದು ಅಂಜುತ್ತಾರೆ. ಆದರೆ ಲಸಿಕೆ ಪಡೆಯದವರಿಗೆ ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದಾಗ ಹೆಪಟೈಟಿಸ್ ಬಿ ತಗಲುವ ಸಾಧ್ಯತೆಯೇ ಎಚ್‌ಐವಿಗಿಂತ ಬಹಳ ಹೆಚ್ಚು.

ಪೊಟ್ಟಣದ ಅಂಚಿನ ಗುರುತು ಬಣ್ಣ ಬದಲಿಸಿದೆಯೇ ಎಂದು ರೋಗಿಯೂ ನೋಡಬಹುದು. ಆದರೆ ಆ ಬಣ್ಣ ಹೇಳುವುದು ಪೊಟ್ಟಣ ಆಟೋಕ್ಲೇವ್‌ಗೆ ಹೋಗಿ ಬಂದಿದೆ ಎಂಬುದನ್ನು ಮಾತ್ರ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ತಿಳಿಯಲು ದಂತವೈದ್ಯರು ಬೀಜಕ ಪರೀಕ್ಷೆಯನ್ನು, ಅಂದರೆ ಬೀಜಕಗಳನ್ನೇ ಯಂತ್ರದೊಳಗಿಟ್ಟು ಅವು ಸತ್ತಿವೆಯೇ ಎಂದು ನೋಡುವ ಪರೀಕ್ಷೆಯನ್ನು, ನಿಯಮಿತವಾಗಿ ನಡೆಸಬೇಕು.